ಒಂದು ಫೋನ್ ದಂಡೆ ಮೇಲಿರಲಿ

(ಕಲಬುರಗಿಯ ಒಂದು ಕಾಲೇಜಿನಲ್ಲಿ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಭಾಷಣಕ್ಕೆ ಮುಂಚೆ ಒಂದು ಆಟ ಆಡೋಣ. ಈ ತಂಬಿಗೆಯಲ್ಲಿ ನೀರಿದೆ. ಮೂರು ಜನ ಮುಂದೆ ಬನ್ನಿ. ಕೈ ಪೂರ್ತಿ ಅದ್ದಿ. ಫೋನಿನ ಗಾಜಿನ ಮೇಲೂ ನಾಲ್ಕು ಹನಿ ಚಿಮುಕಿಸಿ. ಈಗ ಲಾಕ್ ತೆಗೆದು 112 ಅಂತ ಒತ್ತಿ. ಕರೆ ಮಾತ್ರ ಮಾಡಬೇಡಿ, ಅಲ್ಲಿ ಕೂತವರಿಗೆ ಸುಮ್ನೆ ತೊಂದರೆ.

ನೋಡಿದಿರಲ್ಲ? ಒಬ್ಬನ ಬೆರಳಚ್ಚನ್ನೇ ಫೋನ್ ಒಪ್ಪಲಿಲ್ಲ. ಈ ತಂಗಿಯ ಫೋನ್ ತಾನಾಗಿ ಕ್ಯಾಮೆರಾ ತೆರೆಯಿತು. ಮೂರನೆಯವನು 1 ಒತ್ತಿದರೆ 4 ಬಿತ್ತು. ಫ್ಯಾನ್ ಕೆಳಗೆ, ಗಟ್ಟಿ ನೆಲದ ಮೇಲೆ ನಿಂತಾಗಲೇ ಹೀಗೆ. ಮಗುಚಿದ ಬೋಟಿನ ಅಂಚು ಹಿಡಿದು ತೇಲುವಾಗ ಏನು ಕಥೆ?

ಫೋನ್ ಕೆಟ್ಟಿಲ್ಲ. ಈ ಗಾಜು ಬೆರಳು ಎಷ್ಟು ಜೋರಾಗಿ ಒತ್ತಿತು ಅಂತ ನೋಡುವುದಿಲ್ಲ. ಬೆರಳು ತಾಗಿದಾಗ ಅದರ ಮೇಲಿನ ವಿದ್ಯುತ್ತಿನಲ್ಲಿ ಆಗುವ ಸಣ್ಣ ಏರುಪೇರನ್ನು ನೋಡುತ್ತದೆ. ನೀರಿನ ಹನಿಯೂ ಅದೇ ಏರುಪೇರು ಮಾಡುತ್ತದೆ. ಹತ್ತು ಕಡೆ ಹನಿ ಬಿದ್ದರೆ ಹತ್ತು ಬೆರಳು ಒಟ್ಟಿಗೆ ಒತ್ತಿದಂತೆ. ಇಗೋ, ಇದು ನಮ್ಮವ್ವನ ಬಟನ್ ಫೋನ್. ಇದರ ಮೇಲೂ ನೀರು ಹಾಕಿ, ಒತ್ತಿ. ಬಂತಲ್ಲ 112? ನಿಮ್ಮ ಮನೆಯಲ್ಲಿ ಯಾವುದಾದರೂ ಡಬ್ಬಿಯಲ್ಲಿ ಇಂಥದ್ದೊಂದು ಬಿದ್ದಿರುತ್ತದೆ, ಬಿಸಾಕಬೇಡಿ.

ನಾನು ಯಾರು ಅಂತ ಹೇಳಬೇಕು. ಭೀಮೆ ದಂಡೆಯ ಊರಲ್ಲಿ ಹುಟ್ಟಿದವನು. ಕೆಲಸ ಮಾಡಿದ್ದು ಫೋನ್ ಟವರುಗಳ ಮೇಲೆ. ಅಂದರೆ ಹೊಳೆಯೂ ಗೊತ್ತು, ಟವರೂ ಗೊತ್ತು. ಎರಡೂ ಗೊತ್ತಿದ್ದವನೇ ಒಂದು ಸಲ ನೀರಿನ ನಡುವೆ ಪೆದ್ದನ ಹಾಗೆ ಕೂತಿದ್ದೆ. ಆ ಕಥೆ ಕೇಳಿ.

ಕೆಲವು ವರ್ಷಗಳ ಹಿಂದಿನ ಮಾತು. ಮೇ ತಿಂಗಳು. ನಾರಾಯಣಪುರದ ಬಸವಸಾಗರ ಹಿನ್ನೀರಿಗೆ ಗೆಳೆಯರು ಆರು ಜನ ಹೋಗಿದ್ದೆವು. ಗುರುತಿನವರ ಎಂಜಿನ್ ಬೋಟ್. ನಡುನೀರಿಗೆ ಬಂದಾಗ ಯಾರೋ ಬಿಟ್ಟುಹೋದ ಹಳೆ ಬಲೆ ಫ್ಯಾನಿಗೆ ಸುತ್ತಿಕೊಂಡಿತು. ಎಂಜಿನ್ ನಿಂತಿತು. ಮಧ್ಯಾಹ್ನದ ಗಾಳಿ ಎದ್ದಿತು. ಬೋಟ್ ತನ್ನ ಪಾಡಿಗೆ ತಾನು ತೇಲತೊಡಗಿತು. ಯಾರೂ ಹೆದರಲಿಲ್ಲ. ಯಾಕೆ ಅಂದರೆ ಬೋಟಿನಲ್ಲಿ ಏಳು ಫೋನ್ ಇದ್ದವು, ಮೂರು ಕಂಪನಿಯ ಸಿಮ್ ಇದ್ದವು!

ಲೆಕ್ಕ ಕೇಳಿ. ಮೂರು ಫೋನಿಗೆ ಸಿಗ್ನಲ್ಲೇ ಇಲ್ಲ. ಒಂದು ಬೆಳಗಿನಿಂದ ವಿಡಿಯೊ ತೆಗೆದು ತೆಗೆದು ಸತ್ತಿತ್ತು. ಒಂದನ್ನು ಬೋಟಿನ ತಗಡಿನ ಮೇಲೆ ಇಟ್ಟಿದ್ದರು, ಬಿಸಿ ಜಾಸ್ತಿ ಆಗಿದೆ ಅಂತ ಬರೆದು ಕಣ್ಣು ಮುಚ್ಚಿತು. ನನ್ನದರಲ್ಲಿ ಎರಡು ಕಡ್ಡಿ. ಹಚ್ಚಿದರೆ ಒಂದು ಸಲ ಗುಂಯ್ ಅಂದು ಕಟ್. ಏಳನೆಯದು ಬೋಟಿನವನದು, ಅದಕ್ಕೆ ಕರೆನ್ಸಿ ಇರಲಿಲ್ಲ. ಆಚೆ ದಂಡೆ ಕಾಣುತ್ತಿತ್ತು. ಒಂದು ಗುಡಿ, ಎರಡು ಎಮ್ಮೆ. ಅಷ್ಟು ಹತ್ತಿರ.

ಕೊನೆಗೆ ನಮ್ಮನ್ನು ಉಳಿಸಿದ್ದು ಬುತ್ತಿ ಡಬ್ಬಿ. ಬೋಟಿನವನು ಅದರ ಮುಚ್ಚಳ ತಗೊಂಡು ಕಬ್ಬಿಣದ ಸರಳಿಗೆ ಬಡಿದ. ಮೂರು ಸಲ ಬಡಿ, ನಿಲ್ಲಿಸು, ಮತ್ತೆ ಮೂರು ಸಲ. ನೀರಿನ ಮೇಲೆ ಸದ್ದು ಬಹಳ ದೂರ ಹೋಗುತ್ತದೆ. ಹರಗೋಲಿನಲ್ಲಿ ಮೀನು ಹಿಡಿಯುತ್ತಿದ್ದ ಇಬ್ಬರು ಕೇಳಿಸಿಕೊಂಡು ಬಂದರು. ಹತ್ತಿರ ಬಂದ ಹಿರಿಯ ನಮ್ಮ ಕೈಯಲ್ಲಿನ ಫೋನುಗಳನ್ನು ನೋಡಿ ನಕ್ಕು ಅಂದ: "ಏನ್ರೀ ಸಾವಕಾರ್ರ, ಇಷ್ಟು ಫೋನ್ ಅದಾವ, ಒಂದ್ ಹುಟ್ಟು ಇಲ್ಲೇನ್ರಿ?"

ನಮ್ಮ ಬೋಟಿನಲ್ಲಿ ನಿಜಕ್ಕೂ ಹುಟ್ಟು ಇರಲಿಲ್ಲ.

ಈಗ ಆ ಎರಡು ಕಡ್ಡಿಯ ವಿಷಯಕ್ಕೆ ಬರೋಣ. ಎರಡು ಕಡ್ಡಿ ಇದ್ದೂ ಕರೆ ಯಾಕೆ ಹೋಗಲಿಲ್ಲ? ಇದನ್ನು ಜನ ನನಗೆ ಕೇಳಿದಷ್ಟು ಬೇರೆ ಏನೂ ಕೇಳಿಲ್ಲ. ಆ ಕಡ್ಡಿಗಳು ಹೇಳುವುದು ಟವರಿನ ಮಾತು ನಿಮ್ಮ ಫೋನಿಗೆ ಎಷ್ಟು ಕೇಳುತ್ತಿದೆ ಅಂತ. ನಿಮ್ಮ ಮಾತು ಟವರಿಗೆ ಎಷ್ಟು ಕೇಳುತ್ತಿದೆ ಅಂತ ಅಲ್ಲ. ಟವರಿನ ಒಂದು ದಿಕ್ಕಿನ ಆಂಟೆನಾ 20ರಿಂದ 40 ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. ನಿಮ್ಮ 4ಜಿ ಫೋನ್ ಎಷ್ಟು ಜೋರು ಮಾಡಿದರೂ ಸುಮಾರು 0.2 ವ್ಯಾಟ್. ಜಾತ್ರೆಯಲ್ಲಿ ಮೈಕಿನವನ ಮಾತು ನಿಮಗೆ ಕೇಳುತ್ತದೆ. ನೀವು ಅಲ್ಲಿಂದಲೇ ಪಿಸುಗುಟ್ಟಿದರೆ ಅವನಿಗೆ ಕೇಳುತ್ತದೇನು? ಆ ಪಿಸುಮಾತಿಗೂ ಟವರಿನ ಹತ್ತಿರ ಸೂಕ್ಷ್ಮ ಕಿವಿ ಇರುತ್ತದೆ, ಅದಕ್ಕೇ ಊರಲ್ಲಿ ನಡೆಯುತ್ತದೆ. ದೂರ ಹೋದ ಹಾಗೆ ಮೊದಲು ಸೋಲುವುದು ನಿಮ್ಮ ಧ್ವನಿ.

ಇನ್ನೊಂದು. ಟವರಿನ ಮೇಲೆ ಉದ್ದನೆಯ ಪೆಟ್ಟಿಗೆ ಹಾಗೆ ಇರುತ್ತವಲ್ಲ, ಅವೇ ಆಂಟೆನಾ. ಅವನ್ನು ಹೆಚ್ಚಾಗಿ ಊರಿನ ಕಡೆಗೆ, ರಸ್ತೆ ಕಡೆಗೆ ತಿರುಗಿಸಿ, ತುಸು ಕೆಳಗೆ ಬಾಗಿಸಿ ಕೂರಿಸುತ್ತಾರೆ. ಜನ ಇರುವುದು ಅಲ್ಲಿ. ನೀರಿನ ಮೇಲೆ ಗಿರಾಕಿ ಯಾರು, ಬೆಳ್ಳಕ್ಕಿ? ನಾನೇ ಎಷ್ಟೋ ಹಾಗೆ ತಿರುಗಿಸಿದ್ದೇನೆ.

ನಮ್ಮ ಭೀಮೆಯದು ಬೇರೆ ತಕರಾರು. ದಂಡೆ ಎರಡೂ ಕಡೆ ಕಪ್ಪು ಮಣ್ಣಿನ ಗೋಡೆ ಹಾಗೆ ನಿಂತಿರುತ್ತದೆ. ಬೇಸಿಗೆಯಲ್ಲಿ ನೀರು ತಳಕ್ಕೆ ಇಳಿದಾಗ ನೀವು ಕೂತಿರುವುದು ಹಳ್ಳದೊಳಗೆ. ಊರಿನ ಟವರು ದಂಡೆಯ ಹಿಂದೆ. ಬಿಸಿಲಿಗೆ ಗೋಡೆಯ ನೆರಳು ಬಿದ್ದಂತೆ ಸಿಗ್ನಲ್ಲಿಗೂ ದಂಡೆಯ ನೆರಳು ಬೀಳುತ್ತದೆ. ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಜಲಾಶಯದಲ್ಲಿ ಗುಡ್ಡಗಳ ನೆರಳು. ಆ ಮೂಲೆಯಲ್ಲಿ ಬರುತ್ತದೆ, ಈ ಮೂಲೆಯಲ್ಲಿ ಹೋಗುತ್ತದೆ. ಇನ್ನು ನೀವೇ ನೀರಿಗೆ ಬಿದ್ದರೆ ಮುಗಿಯಿತು. ಫೋನಿನ ತರಂಗ ನೀರೊಳಗೆ ಒಂದು ಮೊಳವೂ ಸರಿಯಾಗಿ ಹೋಗುವುದಿಲ್ಲ.

ಸಿಗ್ನಲ್ ಇಲ್ಲದ ಕಡೆ ಫೋನ್ ಸುಮ್ಮನೆ ಇರುವುದಿಲ್ಲ. ಟವರ್ ಎಲ್ಲಿ, ಎಲ್ಲಿ ಅಂತ ಹುಡುಕುತ್ತಲೇ ಇರುತ್ತದೆ. ಸಿಕ್ಕ ಮೇಲೂ ಗಂಟಲು ಹರಿಯುವ ಹಾಗೆ ಕೂಗುತ್ತದೆ. ಮನೆಯಲ್ಲಿ ರಾತ್ರಿವರೆಗೆ ಬರುವ ಬ್ಯಾಟರಿ ಹಿನ್ನೀರಿನಲ್ಲಿ ಮಧ್ಯಾಹ್ನಕ್ಕೇ ಕೈ ಕೊಡುವುದು ಅದಕ್ಕೇ. ಬಿಸಿಲಿನ ಮಾತು ನಾನು ನಿಮಗೆ ಹೇಳಬೇಕಾ? ಐಫೋನ್ ಮಾಡುವವರೇ 35 ಡಿಗ್ರಿ ಒಳಗೆ ಬಳಸಿ ಅಂತ ಹೇಳುತ್ತಾರೆ. ನಮ್ಮಲ್ಲಿ ಮೇ ತಿಂಗಳ ನೆರಳಲ್ಲೇ 42. ತಗಡಿನ ಮೇಲೆ ಇಟ್ಟರೆ ಅದು ರೊಟ್ಟಿ ಹಂಚು.

"ನನ್ನದು ವಾಟರ್‌ಪ್ರೂಫ್ ರೀ" ಅಂತ ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಒಳ್ಳೆಯದು. ಐಪಿ67 ಅಂತ ಬರೆದಿದ್ದರೆ ಅರ್ಥ ಇಷ್ಟು: ಪ್ರಯೋಗಾಲಯದಲ್ಲಿ, ನಿಂತ ನೀರಿನಲ್ಲಿ, 1 ಮೀಟರ್ ಆಳದಲ್ಲಿ, 30 ನಿಮಿಷ. ಐಪಿ68 ಅಂದರೆ ಇನ್ನೂ ತುಸು ಆಳ, ಎಷ್ಟು ಅನ್ನುವುದು ಕಂಪನಿ ಹೇಳಿದಷ್ಟು. ಒಂದು ಸಲ ನೆಲಕ್ಕೆ ಬಿದ್ದು ಮೂಲೆ ಬಿಟ್ಟುಕೊಂಡ ಫೋನಿಗೆ, ಸ್ಟೇಷನ್ ರೋಡಿನ ಅಂಗಡಿಯಲ್ಲಿ ಗಾಜು ಬದಲಿಸಿದ ಫೋನಿಗೆ ಈ ಮಾತು ಅನ್ವಯ ಆಗುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಬೇರೆ. ವಾಟರ್‌ಪ್ರೂಫ್ ಫೋನೂ ಮುಳುಗುತ್ತದೆ. ಕಾರಂಜಾ ಜಲಾಶಯದ ತಳದಲ್ಲಿ ನನ್ನದೊಂದು ಚೆನ್ನಾಗಿಯೇ ಇರಬಹುದು, ತೆಗೆದುಕೊಂಡು ಬರುವವರು ಯಾರು? ಒದ್ದೆ ಫೋನನ್ನು ಅಕ್ಕಿಯಲ್ಲಿ ಹೂಳುವ ಚಾಳಿ ಬಿಡಿ. ಅಕ್ಕಿಯೂ ಹಾಳು, ಅಕ್ಕಿ ಧೂಳು ಒಳಗೆ ಹೋಗಿ ಫೋನೂ ಹಾಳು.

ಹಾಗಾದರೆ ಫೋನ್ ಬೇಡವೇ? ನಾನು ಹಾಗೆ ಹೇಳುತ್ತಿಲ್ಲ. ಅದಕ್ಕೆ ಬರುವ ಕೆಲಸ ಕೊಡಿ ಅಂತ ಹೇಳುತ್ತಿದ್ದೇನೆ.

ಜಿಪಿಎಸ್‌ಗೆ ಟವರ್ ಬೇಡ. ಅದು ಉಪಗ್ರಹದಿಂದ ಬರುವುದನ್ನು ಕೇಳಿಸಿಕೊಳ್ಳುವ ಕೆಲಸ ಅಷ್ಟೇ. ಸಿಗ್ನಲ್ ಇಲ್ಲದ ಕಡೆಯೂ ನೀವು ಎಲ್ಲಿದ್ದೀರಿ ಅಂತ ಫೋನಿಗೆ ಗೊತ್ತಿರುತ್ತದೆ. ಆದರೆ ಮ್ಯಾಪಿನ ಚಿತ್ರ ಬರುವುದು ಇಂಟರ್ನೆಟ್ಟಿನಿಂದ. ಹಿಂದಿನ ರಾತ್ರಿಯೇ ಮನೆಯಲ್ಲಿ ಆ ಭಾಗದ ಮ್ಯಾಪ್ ಇಳಿಸಿಟ್ಟುಕೊಂಡರೆ ನೀಲಿ ಚುಕ್ಕೆ ನೀರಿನ ಮೇಲೂ ಕಾಣುತ್ತದೆ. ಇಲ್ಲದಿದ್ದರೆ ಬೂದು ಬಣ್ಣದ ಖಾಲಿ ಹಾಳೆಯ ಮೇಲೆ ಒಂದು ಚುಕ್ಕೆ.

ಎಸ್ಸೆಮ್ಮೆಸ್ ಮರೆಯಬೇಡಿ. ಕರೆಗೆ ಸಿಗ್ನಲ್ ಸತತ ಬೇಕು. ಎಸ್ಸೆಮ್ಮೆಸ್ಸಿಗೆ ಒಂದು ಕ್ಷಣ ಸಿಕ್ಕರೂ ಸಾಕು, ನುಸುಳಿ ಹೋಗುತ್ತದೆ. ಆ ದಿನ ನಾನು ಹುಣಸಗಿಯ ಗೆಳೆಯನಿಗೆ ಒಂದು ಕಳಿಸಿದ್ದೆ. ಅದು ಹೋಗಿತ್ತು. ಅವನು ನೋಡಿ ಗಾಬರಿಯಾಗಿ ಫೋನ್ ಮಾಡಿದಾಗ ನಾವು ದಂಡೆಯಲ್ಲಿ ಚಹಾ ಕುಡಿಯುತ್ತಿದ್ದೆವು. ತಪ್ಪು ಎಸ್ಸೆಮ್ಮೆಸ್ಸಿನದಲ್ಲ. ಅವನಿಗೆ ನಾವು ನೀರಿಗೆ ಹೋಗಿದ್ದೇ ಗೊತ್ತಿರಲಿಲ್ಲ, ಫೋನ್ ಯಾಕೆ ನೋಡಬೇಕು?

112ರ ಬಗ್ಗೆ ಎರಡು ಮಾತು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಈಗ ಅದೇ ನಂಬರ್. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಈ ಕರೆ ಹೋಗಬಹುದು. ನಮ್ಮ ದೇಶದಲ್ಲಿ 2017ರಿಂದ ಮಾರುವ ಫೋನುಗಳಲ್ಲಿ ತುರ್ತು ಗುಂಡಿ ಇರಲೇಬೇಕು ಅನ್ನುವ ನಿಯಮ ಇದೆ. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನು ಬೇಗ ಬೇಗ ಮೂರು ಸಲ, ಕೆಲವದರಲ್ಲಿ ಐದು ಸಲ. ಬಟನ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು. ಒದ್ದೆ ಕೈಗೆ ಇದೇ ದಾರಿ. ನಿಮ್ಮ ಫೋನಿನಲ್ಲಿ ಹೇಗೆ ಅಂತ ಇವತ್ತೇ ಸೆಟ್ಟಿಂಗ್ ತೆರೆದು ನೋಡಿ.

ಕರೆ ಹತ್ತಿದ ಮೇಲೆ ಏನು ಹೇಳುತ್ತೀರಿ? "ಹೊಳ್ಯಾಗ ಸಿಕ್ಕೊಂಡೀವಿ, ಲಗೂ ಬರ್ರಿ" ಅಂದರೆ ಯಾವ ಹೊಳೆ, ಯಾವ ದಂಡೆ? ನಮ್ಮ ಭಾಗ ಗಡಿ. ಅಫಜಲಪುರದ ಕಡೆ ಭೀಮೆಯ ಮೇಲೆ ಇದ್ದರೆ ಫೋನ್ ಮಹಾರಾಷ್ಟ್ರದ ಟವರ್ ಹಿಡಿಯಬಹುದು. ಯಾದಗಿರಿ ಜಿಲ್ಲೆಯ ಅಂಚಿನಲ್ಲಿ, ಕೃಷ್ಣೆಗೆ ಭೀಮೆ ಸೇರುವ ಕಡೆ ತೆಲಂಗಾಣದ್ದು ಸಿಗಬಹುದು. ಆ ಕಡೆ ಫೋನ್ ಎತ್ತಿದವರಿಗೆ ನಿಮ್ಮ ಊರ ಹೆಸರೇ ಗೊತ್ತಿರುವುದಿಲ್ಲ. ಅದಕ್ಕೆ ಕರ್ನಾಟಕ ಅಂತ ಶುರು ಮಾಡಿ. ಜಿಲ್ಲೆ, ತಾಲೂಕು, ಯಾವ ಊರಿನಿಂದ ಹತ್ತಿದಿರಿ, ನೀರು ಹರಿಯುವ ಕಡೆ ಮುಖ ಮಾಡಿದರೆ ಎಡದಂಡೆಯೋ ಬಲದಂಡೆಯೋ, ಎಷ್ಟು ಜನ. ಕಟ್ ಆಗುವ ಮೊದಲು ಇಷ್ಟು ಹೇಳಿ. ಅಳುವುದು ಆಮೇಲೆ.

ಸಮುದ್ರದ ಕಡೆ ಏನು ಮಾಡುತ್ತಾರೆ ಅಂತ ಕೇಳಬಹುದು. ಮಂಗಳೂರು, ಕಾರವಾರದ ಕಡೆ ದೊಡ್ಡ ಬೋಟುಗಳಲ್ಲಿ ವಿಎಚ್‌ಎಫ್ ರೇಡಿಯೊ ಇರುತ್ತದೆ, ಬೋಟಿನಿಂದ ಬೋಟಿಗೆ ನೇರ ಮಾತಾಡುವ ಯಂತ್ರ. ಅದರ 16ನೇ ಚಾನೆಲ್ ಇಡೀ ಜಗತ್ತಿನಲ್ಲಿ ಆಪತ್ತಿಗೆ ಅಂತ ಮೀಸಲು. ಅದಕ್ಕೂ ಫೋನಿಗೂ ಒಂದು ದೊಡ್ಡ ವ್ಯತ್ಯಾಸ. ಫೋನ್ ಒಬ್ಬನಿಗೆ ಹೋಗುತ್ತದೆ. ಅವನು ಎತ್ತಲಿಲ್ಲ ಅಂದರೆ ಮುಗಿಯಿತು. ರೇಡಿಯೊ ಕೂಗು ಸುತ್ತಲಿನ ಎಲ್ಲ ಬೋಟಿಗೂ ಕೇಳುತ್ತದೆ. ಹತ್ತಿರ ಇದ್ದವನು ಬರುತ್ತಾನೆ. ಅಲ್ಲಿ ಕೋಸ್ಟ್ ಗಾರ್ಡ್‌ಗೆ 1554 ಅಂತ ನಂಬರೂ ಇದೆ. ನಮ್ಮ ಹಿನ್ನೀರುಗಳಲ್ಲಿ ಈ ಯಾವುದೂ ಇಲ್ಲ. ಇಲ್ಲಿ 16ನೇ ಚಾನೆಲ್ ಅಂದರೆ ಡಬ್ಬಿ ಮುಚ್ಚಳ, ಸೀಟಿ. ಸೀಟಿಗೆ ಇಪ್ಪತ್ತು ರೂಪಾಯಿ ಆದೀತು. ಲೈಫ್ ಜಾಕೆಟ್ಟಿಗೆ ಕಟ್ಟಿಕೊಳ್ಳಿ. ಸ್ಯಾಟಲೈಟ್ ಫೋನ್ ತರಿಸುತ್ತೇನೆ ಅನ್ನುವ ಶೋಕಿ ಯಾರಿಗಾದರೂ ಇದ್ದರೆ ಹುಷಾರು. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ವಿದೇಶದಿಂದ ಬಂದ ಪ್ರವಾಸಿಗಳನ್ನೇ ಹಿಡಿದಿದ್ದಾರೆ.

ಇಲ್ಲಿಯವರೆಗೆ ಕೇಳಿದ ಮೇಲೆ ನಿಮಗೆ ಅನ್ನಿಸಬಹುದು, ಸಿಗ್ನಲ್ ಚೆನ್ನಾಗಿರುವ ಕಡೆ ಹೋದರಾಯಿತು ಅಂತ. ಕಲಬುರಗಿಯ ಅಪ್ಪನ ಕೆರೆ ಊರ ನಡುವೆಯೇ ಇದೆಯಲ್ಲ. ಅದಕ್ಕೆ ವಡೋದರಾದ ಹರಣಿ ಕೆರೆಯ ಮಾತು ಹೇಳಬೇಕು. ಅದೂ ನಗರದೊಳಗಿನ ಕೆರೆ. 2024ರ ಜನವರಿ 18ರಂದು ಶಾಲೆಯಿಂದ ಪಿಕ್ನಿಕ್ಕಿಗೆ ಬಂದ ಮಕ್ಕಳ ಬೋಟ್ ಮಗುಚಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಹೊರಬೇಕಾದ್ದಕ್ಕಿಂತ ಜಾಸ್ತಿ ಜನ ತುಂಬಿದ್ದರು. ಬಹಳ ಮಕ್ಕಳ ಮೈ ಮೇಲೆ ಜಾಕೆಟ್ ಇರಲಿಲ್ಲ. ಅದಕ್ಕೆ ಮುಂಚಿನ ವರ್ಷ, 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಅದೂ ತುಂಬಿ ತುಳುಕಿದ ಬೋಟ್. ಎರಡೂ ಕಡೆ ಊರು ಪಕ್ಕದಲ್ಲೇ ಇತ್ತು. ಸಿಗ್ನಲ್ ಇಲ್ಲದ್ದಕ್ಕೆ ಅಲ್ಲಿ ಯಾರೂ ಸಾಯಲಿಲ್ಲ.

ಮುಳುಗುವವರು ಸಿನಿಮಾದಲ್ಲಿ ತೋರಿಸಿದ ಹಾಗೆ ಕೈ ಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಉಸಿರಿಗೇ ಪುರುಸೊತ್ತಿಲ್ಲ, ಕೂಗುವುದೆಲ್ಲಿ? ಒಂದು ನಿಮಿಷದೊಳಗೆ ತಲೆ ಕೆಳಗೆ ಹೋಗಬಹುದು. ಉಸಿರು ನಿಂತು ನಾಲ್ಕೈದು ನಿಮಿಷ ಆದರೆ ಮಿದುಳಿಗೆ ಪೆಟ್ಟು. ಈಗ ಲೆಕ್ಕ ಹಾಕಿ. ಫೋನ್ ತೆಗೆದು, ಲಾಕ್ ಬಿಡಿಸಿ, ವಿಳಾಸ ಹೇಳಿ, ಅವರು ಗಾಡಿ ತೆಗೆದು ಕೆರೆಗೆ ಬರುವ ಹೊತ್ತಿಗೆ ಎಷ್ಟಾಯಿತು? ಫೋನಿನಲ್ಲಿ ಕರೆದವರು ಬರುವ ತನಕ ನಿಮ್ಮನ್ನು ನೀರಿನ ಮೇಲೆ ಹಿಡಿದಿಡುವ ಒಂದು ವಸ್ತು ಬೇಕಲ್ಲ?

ನಮ್ಮ ಮುತ್ಯಾ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದ. ನಾನು ಟವರಿನ ಕೆಲಸಕ್ಕೆ ಸೇರಿ, ಹೊಸ ಮೊಬೈಲ್ ಹಿಡಿದು ಊರಿಗೆ ಹೋಗಿದ್ದೆ. ಹರಗೋಲು ಹತ್ತುವಾಗ ಕೇಳಿದ: "ನೀರಾಗ ಬಿದ್ರ ಇದನ್ನ ಹಿಡಿತೀಯೋ, ಕೊಡ ಹಿಡಿತೀಯೋ?" ಅವನ ಹರಗೋಲಿನಲ್ಲಿ ಯಾವಾಗಲೂ ಬಾಯಿ ಕಟ್ಟಿದ ಖಾಲಿ ಕೊಡ ಇರುತ್ತಿತ್ತು. ಕೃಷ್ಣೆ ಕಡೆಯವರು ಒಣಗಿದ ಸೋರೆ ಬುರುಡೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. 2014ರ ಮಳೆಗಾಲದಲ್ಲಿ ನಮ್ಮ ಭಾಗದ ಒಂದು ನಡುಗಡ್ಡೆಯಿಂದ ತುಂಬು ಗರ್ಭಿಣಿಯೊಬ್ಬರು ಇಂಥ ಬುರುಡೆಗಳ ಆಸರೆಯಲ್ಲಿ ತುಂಬಿದ ಹೊಳೆ ಈಸಿ ದಾಟಿದರು. ದೇಶದಾಚೆಯ ಪತ್ರಿಕೆಗಳಲ್ಲೂ ಬಂದ ಸುದ್ದಿ. ಹಾಗೆ ದಾಟಬೇಕಾಗಿ ಬಂದದ್ದು ನಮಗೆ ನಾಚಿಕೆ, ಅದು ಬೇರೆ ಮಾತು. ಆದರೆ ಬುರುಡೆ ತನ್ನ ಕೆಲಸ ಮಾಡಿತು.

ಇವತ್ತಿನ ಬುರುಡೆ ಲೈಫ್ ಜಾಕೆಟ್. ಅಮೆರಿಕದಲ್ಲಿ ಬೋಟ್ ಅಪಘಾತದ ಲೆಕ್ಕ ವರ್ಷ ವರ್ಷ ಇಡುತ್ತಾರೆ. ಮುಳುಗಿ ಸತ್ತ ಹತ್ತು ಜನರಲ್ಲಿ ಎಂಟಕ್ಕೂ ಜಾಸ್ತಿ ಜನ ಜಾಕೆಟ್ ಹಾಕಿರುವುದಿಲ್ಲ. ನಮ್ಮಲ್ಲಿ ಜಾಕೆಟ್ ಕೊಟ್ಟರೂ ಅದನ್ನು ಕುಂಡೆ ಕೆಳಗೆ ಹಾಕಿಕೊಂಡು ಕೂರುತ್ತೇವೆ. ಫೋಟೊದಲ್ಲಿ ಅಂಗಿ ಕಾಣುವುದಿಲ್ಲವಂತೆ! ಬಕಲ್ ಹಾಕಿ, ಭುಜದ ಹತ್ತಿರ ಹಿಡಿದು ಮೇಲೆ ಎಳೆದು ನೋಡಿ. ಗದ್ದ ದಾಟಿ ಮೇಲೆ ಬಂದರೆ ಸಡಿಲ ಅಂತ ಅರ್ಥ.

ಫೋನಿನಿಂದಲೇ ಆಗುವ ಅಪಾಯವೂ ಇದೆ. ಹರಗೋಲು ಬುಟ್ಟಿ ಇದ್ದ ಹಾಗೆ. ನಾಲ್ಕು ಜನ ಸೆಲ್ಫಿಗೆ ಅಂತ ಒಂದೇ ಬದಿಗೆ ವಾಲಿದರೆ ಅದು ಏನು ಮಾಡಬೇಕು ಪಾಪ?

ಸರಿ, ಈಗ ಮುಖ್ಯ ಮಾತು. ಫೋನಿಗೆ ಅತಿ ಹೆಚ್ಚು ಕೆಲಸ ಇರುವುದು ನೀರಿಗೆ ಇಳಿಯುವ ಮೊದಲು. ಗುಡುಗು ಮಿಂಚಿಗೆ ದಾಮಿನಿ ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ್ದು. ಏಪ್ರಿಲ್, ಮೇ ಸಂಜೆಯ ಬಿರುಗಾಳಿ ನಮಗೆ ಗೊತ್ತೇ ಇದೆ. ಮೋಡ ಕಂಡ ಮೇಲೆ ಹೊರಡಬೇಡಿ. ಗುಡುಗು ಕೇಳಿದರೆ ದಂಡೆಗೆ ಬನ್ನಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕೂರಿ. ಭೀಮೆಗೆ ಇಳಿಯುವುದಾದರೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರಾ ಅಂತ ಕೇಳಿ. ಇಲ್ಲಿ ಆಕಾಶ ಬೆಳ್ಳಗಿದ್ದರೂ ಹೊಳೆ ಏರುತ್ತದೆ.

ಆಮೇಲೆ ಒಂದು ಫೋನನ್ನು ದಂಡೆಯ ಮೇಲೆ ಬಿಡಿ. ಸುಮ್ನೆ ಫೋನ್ ಅಲ್ಲ, ಅದನ್ನು ಹಿಡಿದ ಒಬ್ಬ ಮನುಷ್ಯ. ಎಷ್ಟು ಜನ ಹೋದರು, ಯಾವ ಬೋಟ್, ಯಾವ ಕಡೆ, ಎಷ್ಟು ಗಂಟೆಗೆ ವಾಪಸ್. ಅವನ ಹತ್ತಿರ ಇಷ್ಟು ಬರೆದಿರಬೇಕು. ಅವನ ಕೈ ಒಣಗಿದೆ. ಸಿಗ್ನಲ್ ಬೇಕಾದರೆ ಅವನು ದಿಬ್ಬ ಹತ್ತಬಲ್ಲ. ಯಾವ ರಸ್ತೆಯಿಂದ ಬರಬೇಕು ಅಂತ ಹೇಳಬಲ್ಲ. ನಾಲ್ಕಕ್ಕೆ ಬರಬೇಕಾದವರು ನಾಲ್ಕೂವರೆಗೆ ಬರದಿದ್ದರೆ, ನೀವು ನೀರಿನಲ್ಲಿ ಒಂದು ಬಟನ್ ಒತ್ತದಿದ್ದರೂ ಅವನು ಒತ್ತುತ್ತಾನೆ. ಬಸವಸಾಗರದಲ್ಲಿ ನಮ್ಮ ಏಳು ಫೋನೂ ಬೋಟಿನಲ್ಲೇ ಇದ್ದವು. ಆರು ಸಾಕಿತ್ತು.

ಕೊನೆಗೆ ಪ್ರಶ್ನೆ ಕೇಳಿದರು. ಪ್ಲಾಸ್ಟಿಕ್ ಪೌಚಿನಲ್ಲಿ ಇಟ್ಟುಕೊಳ್ಳಬಹುದಾ ಅಂತ ಒಬ್ಬಳು ಕೇಳಿದಳು. ಇಟ್ಟುಕೋ ತಂಗಿ, ಒಳಗೆ ತುಸು ಗಾಳಿ ಬಿಟ್ಟು ಮುಚ್ಚಿದರೆ ತೇಲುತ್ತದೆ. ಮೊದಲು ಫೋನಿನಷ್ಟೇ ತೂಕದ ಬೇರೆ ಏನಾದರೂ ಹಾಕಿ ಮನೆಯ ಬಕೆಟ್ಟಿನಲ್ಲಿ ನೋಡು. ಗಾಣಗಾಪುರದ ಸಂಗಮದಲ್ಲಿ ಹರಗೋಲಿನವರ ಹತ್ತಿರ ಜಾಕೆಟ್ ಇಲ್ಲದಿದ್ದರೆ ಏನು ಮಾಡುವುದು ಅಂತ ಇನ್ನೊಬ್ಬ. ಹತ್ತಬೇಡ. ದತ್ತ ದೇವರು ದಂಡೆಯಲ್ಲೂ ಇದ್ದಾನೆ.

ಆಮೇಲೆ ಒಂದು ಗುಂಪು ಬಂತು. ಬರುವ ಭಾನುವಾರ ಹಿನ್ನೀರಿಗೆ ಹೊರಟಿದ್ದಾರಂತೆ, ಹನ್ನೊಂದು ಜನ. ದಂಡೆಯಲ್ಲಿ ಯಾರು ಕೂರುತ್ತೀರಿ ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೆ ಬೇಕು ಆ ಕೆಲಸ, ಅಲ್ವಾ? ಅಷ್ಟರಲ್ಲಿ ಹಿಂದೆ ನಿಂತಿದ್ದ ತೆಳ್ಳನೆಯ ಹುಡುಗ ಅರ್ಧ ಕೈ ಎತ್ತಿದ.

"ನಾ ಕೂಡ್ತೀನ್ರಿ ಸರ್. ನನಗ ನೀರಂದ್ರ ಅಂಜಿಕಿ. ಹ್ಯಾಂಗೂ ಬ್ಯಾಗ್ ಕಾಯಾಕ ನನ್ನೇ ಕೂಡಸ್ತಾರ."

ಅವ್ವನ ಬಟನ್ ಫೋನ್ ಇನ್ನೂ ಮೇಜಿನ ಮೇಲಿತ್ತು. ಒರೆಸಿ ಅವನ ಕೈಗೆ ಕೊಟ್ಟೆ. ಸೋಮವಾರ ವಾಪಸ್ ತಂದುಕೊಡು ಅಂದೆ.